ಓದಿ ಹೇಳದ ಪುಟ

ಕಳೆದ ತಿಂಗಳು ಒಂದು ವಿಮಾನದ ಹಳೆಯ ಫ್ಲೋಟಿನ ಮುಚ್ಚಳ ತೆಗೆದು ಒಳಗೆ ಟಾರ್ಚಿನ ಬೆಳಕು ಬಿಟ್ಟೆ. ಪೈಪುಗಳು ಕೂಡುವ ಒಂದು ನಟ್ಟಿನ ಕೊರಳಿಗೆ ಕೆಂಪು ರೇಷ್ಮೆ ದಾರದ ಗಂಟು ಕಂಡಿತು. ಬಣ್ಣ ಮಾಸಿ ಕಂದಾಗಿತ್ತು, ಎಣ್ಣೆ ಕುಡಿದು ಗಟ್ಟಿಯಾಗಿತ್ತು. ನನ್ನ ಕೈಯಿಂದ ಟಾರ್ಚು ಜಾರಿ ಫ್ಲೋಟಿನ ತಳಕ್ಕೆ ಬಿತ್ತು. ಪಕ್ಕದಲ್ಲಿದ್ದವರು ತಿರುಗಿ ನೋಡಿ ಏನಾಯ್ತು ಸಾರ್ ಎಂದರು. ಏನಿಲ್ಲ ಎಂದೆ... ವಿಮಾನದ ಪೈಪಿಗೆ ನೇಕಾರರ ಗಂಟು ಹಾಕುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ತೀರಿಕೊಂಡು ಮೂರು ವರ್ಷವಾಗಿದೆ.

ನನ್ನ ಕೆಲಸ ಏನೆಂದು ಊರಿನವರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ನೀರಿನ ಮೇಲೂ ನೆಲದ ಮೇಲೂ ಇಳಿಯುವ ಸಣ್ಣ ವಿಮಾನಗಳಿರುತ್ತವೆ. ಅವುಗಳ ಹೊಟ್ಟೆಯ ಕೆಳಗೆ ದೋಣಿಯಂಥ ಎರಡು ಟೊಳ್ಳು ಫ್ಲೋಟುಗಳು. ನೆಲಕ್ಕೆ ಇಳಿಯುವಾಗ ಫ್ಲೋಟಿನೊಳಗಿಂದ ಗಾಲಿಗಳು ಹೊರಗೆ ಬರಬೇಕು, ನೀರಿಗೆ ಇಳಿಯುವಾಗ ಒಳಗೆ ಸೇರಿಕೊಳ್ಳಬೇಕು. ಗಾಲಿ ಹೊರಗಿದ್ದಾಗ ನೀರಿಗೆ ಇಳಿದರೆ ವಿಮಾನ ಮುಗ್ಗರಿಸಿ ತಲೆಕೆಳಗಾಗುತ್ತದೆ, ಒಳಗಿದ್ದವರ ಕಥೆ ಮುಗಿಯಿತು. ಆ ಗಾಲಿಗಳನ್ನು ಆಡಿಸುವುದು ಕೆಂಪು ಎಣ್ಣೆ. ಪೆನ್ನಿನಷ್ಟು ದಪ್ಪದ ಪೈಪುಗಳಲ್ಲಿ ಅದು ಭಾರೀ ಒತ್ತಡದಿಂದ ಓಡುತ್ತದೆ. ಆ ಪೈಪುಗಳನ್ನೂ ಅವು ಕೂಡುವ ನಟ್ಟುಗಳನ್ನೂ ಕಾಯುವುದು ನನ್ನ ಕೆಲಸ. ಈಗ ಕರಾವಳಿಯಲ್ಲಿದ್ದೇನೆ. ಏಳು ವರ್ಷಗಳ ಹಿಂದೆ ಬಾಗಲಕೋಟೆಯಲ್ಲಿದ್ದೆ.

ಬಾದಾಮಿ, ಪಟ್ಟದಕಲ್ಲುಗಳನ್ನು ಪ್ರವಾಸಿಗರಿಗೆ ಆಕಾಶದಿಂದ ತೋರಿಸುತ್ತೇವೆಂದು ಆಗ ಒಂದು ಕಂಪನಿ ಅಲ್ಲಿಯ ಅಣೆಕಟ್ಟಿನ ಹಿನ್ನೀರಿಗೆ ಇಂಥದೊಂದು ವಿಮಾನ ತಂದಿತ್ತು. ನನಗೆ ಲೈಸೆನ್ಸು ಬಂದು ವರ್ಷವಾಗಿತ್ತಷ್ಟೆ, ಕಾಲು ನೆಲದ ಮೇಲೆ ಇರಲಿಲ್ಲ. ನವನಗರದ ಮನೆಯಿಂದಲೇ ಕೆಲಸಕ್ಕೆ ಹೋಗಿಬರುವ ಭಾಗ್ಯ ಬೇರೆ. ಮುಳುಗಡೆಯಾದ ನಮ್ಮ ಅಜ್ಜನ ಮನೆ ಆ ನೀರಿನ ಕೆಳಗೇ ಎಲ್ಲೋ ಇತ್ತು. ನಮ್ಮವ್ವ ದಿನಾ ಬೆಳಿಗ್ಗೆ ಬುತ್ತಿ ಕಟ್ಟುತ್ತ, "ಇವತ್ತೂ ನಮ್ಮ ಮಾಳಗಿ ಮ್ಯಾಲ ವಿಮಾನ ಇಳಸ್ತೀರೇನೋ?" ಎಂದು ಕೇಳುತ್ತಿದ್ದಳು.

ನೀರಿನಲ್ಲಿ ಕೆಸರು ಬಹಳ. ಪೈಪುಗಳನ್ನು ಬಿಗಿಹಿಡಿದ ಪಟ್ಟಿಗಳ ಸಂದಿಯಲ್ಲಿ ಮರಳು ಸೇರಿಕೊಂಡು ಒಳಗೊಳಗೇ ಪೈಪನ್ನು ತೇಯುತ್ತಿತ್ತು. ದಿನಾ ತೊಳೆದು, ಒರೆಸಿ, ನಟ್ಟು ನೋಡಲು ನನ್ನ ಜೊತೆಗೆ ಇನ್ನೊಬ್ಬರು ಬೇಕಾದರು. ಹಾಗೆ ಬಂದವರು ಆ ಗಂಟು ಹಾಕಿದ ಇಳಕಲ್ಲಿನ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅರ್ಧ ವಯಸ್ಸು ಸೀರೆ ನೇಯ್ದವರು. ಕೈಮಗ್ಗ ಕೈಕೊಟ್ಟ ಮೇಲೆ ಗ್ರಾನೈಟ್ ಕಾರ್ಖಾನೆಗೆ ಸೇರಿ, ಕಲ್ಲು ಎತ್ತುವ ಯಂತ್ರಗಳ ಎಣ್ಣೆ ಪೈಪು ದುರಸ್ತಿ ಕಲಿತಿದ್ದರು. ಗಿಡ್ಡ ಆಳು, ಬಾಯಿತುಂಬ ಎಲೆ ಅಡಿಕೆ, ಮಾತು ಕಡಿಮೆ. ವಿಮಾನ ನೋಡಿದ ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು: "ಇದಕ್ಕೂ ಎಣ್ಣೀನ ಹಾಕ್ತಾರ? ನಾ ಏನರ ದೊಡ್ಡದ ಇರ್ತೈತಿ ಅಂತ ತಿಳದಿದ್ನಿ."

ಅವರ ಬೆರಳುಗಳಿಗೆ ಕಣ್ಣಿದ್ದವು ಎಂದರೆ ಸುಳ್ಳಲ್ಲ. ಮಗ್ಗದ ಮೇಲೆ ಸಾವಿರಾರು ಎಳೆ ಹಾಸಿರುವಾಗ ಒಂದು ಹರಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ನೇಕಾರ ಬೆರಳಾಡಿಸಿ ಸಡಿಲಾದದ್ದನ್ನು ಹಿಡಿಯುತ್ತಾನೆ. ಕಾಕಾ ಪೈಪನ್ನೂ ಹಾಗೇ ನೋಡುತ್ತಿದ್ದರು. ನಾನು ಟಾರ್ಚು, ಕನ್ನಡಿ ಹಿಡಿದು ಒದ್ದಾಡುತ್ತಿದ್ದರೆ ಅವರು ಕಣ್ಣು ಮುಚ್ಚಿ ಕೈ ಒಳಗೆ ಹಾಕಿ, "ಇಲ್ಲಿ ಜರಾ ತೇದೈತಿ ತಮ್ಮಾ" ಎನ್ನುತ್ತಿದ್ದರು. ಸರಿಯಾಗಿ ಅಲ್ಲೇ ತೇದಿರುತ್ತಿತ್ತು. ಬಿಗಿ ಮಾಡಿದ ಪ್ರತಿ ನಟ್ಟಿಗೂ ಗುರುತಿಗೆಂದು ಸೀರೆ ಸೆರಗಿನ ಕೆಂಪು ದಾರದ ಗಂಟು ಹಾಕುತ್ತಿದ್ದರು. ವಿಮಾನದಲ್ಲಿ ದಾರ ಗೀರ ಇರುವಂತಿಲ್ಲ ಎಂದು ನಾನು ಬೈದು, ಅವರು ಅತ್ತ ಹೋದಮೇಲೆ ಕತ್ತರಿಸಿ ತೆಗೆದು, ಗುರುತಿನ ಬಣ್ಣ ಹಚ್ಚುತ್ತಿದ್ದೆ. ಮರುದಿನ ಮತ್ತೆ ಗಂಟು ಇರುತ್ತಿತ್ತು.

ಈಗ ನನ್ನ ತಪ್ಪಿಗೆ ಬರಬೇಕು. ಸುತ್ತಿ ಬಳಸಿ ಎಷ್ಟು ದೂರ ಹೋದರೂ ಬರಲೇಬೇಕು.

ಹೊಸಬರು ಕೆಲಸಕ್ಕೆ ಸೇರಿದಾಗ ಅಪಾಯಗಳ ಪುಸ್ತಕವೊಂದನ್ನು ಅವರಿಗೆ ಓದಿ, ಅವರ ಭಾಷೆಯಲ್ಲಿ ತಿಳಿಸಿ, ಸಹಿ ಹಾಕಿಸಿಕೊಳ್ಳಬೇಕಿತ್ತು. ಇಂಗ್ಲಿಷಿನ ಪುಸ್ತಕ, ಮೂವತ್ತು ನಲವತ್ತು ಪುಟ. ಆ ಹೊಣೆ ನನ್ನದು. ಕಾಕಾ ಬಂದ ದಿನ ಬಿಸಿಲು ಕಾದ ಹಂಚಿನಂತಿತ್ತು, ನನಗೆ ಹಸಿವು. ಇಷ್ಟು ವರ್ಷ ಎಣ್ಣೆ ಯಂತ್ರದ ಜೊತೆ ಬಾಳ್ವೆ ಮಾಡಿದವರಿಗೆ ನಾನೇನು ಹೇಳಲಿ ಎಂದುಕೊಂಡೆ. ಪುಸ್ತಕ ಬಿಚ್ಚಲಿಲ್ಲ. "ಇಲ್ಲಿ ಸಹಿ ಮಾಡ್ರಿ ಕಾಕಾ" ಎಂದೆ. ಅವರು ಮಾಡಿದರು. ಎಲ್ಲವನ್ನೂ ಕನ್ನಡದಲ್ಲಿ ವಿವರಿಸಿದ್ದೇನೆ ಎಂದಿದ್ದ ಸಾಲಿನ ಕೆಳಗೆ ನಾನೂ ಮಾಡಿದೆ. ಇಬ್ಬರೂ ಗಿರ್ಮಿಟ್ ತಿನ್ನಲು ಹೋದೆವು.

ಆಮೇಲೆ ಒಂದು ದಿನ, ಗಾಲಿ ಒಳಗೆ ಸೇರಿದ ಮೇಲೆ ಸುಮ್ಮನಿರಬೇಕಾದ ಎಣ್ಣೆ ಪಂಪು ಐದೈದು ನಿಮಿಷಕ್ಕೊಮ್ಮೆ ತಾನಾಗಿಯೇ ಗುರ್ ಎನ್ನತೊಡಗಿತು. ಎಲ್ಲೋ ಒತ್ತಡ ಸೋರುತ್ತಿದೆ ಎಂದರ್ಥ. ಮರುದಿನ ಜನರನ್ನು ಹತ್ತಿಸಿಕೊಂಡು ಹಾರಬೇಕಿತ್ತು. ವಿಮಾನವನ್ನು ದಡಕ್ಕೆ ತಂದು ಜಾಕಿನ ಮೇಲೆ ಎತ್ತಿದೆವು. ನಾನು ಮೇಲೆ ಪಂಪಿನ ಸ್ವಿಚ್ಚಿನ ಹತ್ತಿರ, ಕಾಕಾ ಕೆಳಗೆ ಫ್ಲೋಟಿನ ಬಾಯಿಯೊಳಗೆ ಕೈ ಇಳಿಬಿಟ್ಟು. ಪಂಪು ನಿಲ್ಲಿಸಿದರೆ ಸೋರುವುದು ಕಾಣುವುದಿಲ್ಲ. ಕಲ್ಲಿನ ಕಾರ್ಖಾನೆಯಲ್ಲಿ ಹೀಗಿರಲಿಲ್ಲ. ಅಲ್ಲಿ ದಪ್ಪ ಪೈಪು, ಎಣ್ಣೆ ತೊಟ್ಟಿಕ್ಕುವುದು ದೂರದಿಂದಲೇ ಕಾಣುತ್ತದೆ, ದುರಸ್ತಿಗೆ ಮುಂಚೆ ಯಂತ್ರ ಬಂದ್ ಆಗಿರುತ್ತದೆ.

"ಚಾಲೂ ಇರ್ಲಿ ತಮ್ಮಾ, ಹುಡಕ್ತೇನಿ" ಎಂದರು.

ಸ್ವಲ್ಪ ಹೊತ್ತಿಗೆ "ಹಾಂ, ಸಿಕ್ತು" ಎಂಬ ದನಿ ಬಂತು. ಕೈ ಹೊರಗೆ ತೆಗೆದು ತೋರುಬೆರಳನ್ನು ನೋಡಿಕೊಳ್ಳುತ್ತಿದ್ದರು. ನಾನು ಇಳಿದುಬಂದೆ. ಬೆರಳ ತುದಿಯಲ್ಲಿ ಸೂಜಿಮೊನೆಯಷ್ಟು ಒಂದು ಕೆಂಪು ಚುಕ್ಕೆ. ರಕ್ತ ಇಲ್ಲ, ಉರಿ ಇಲ್ಲ.

"ಇರಿವಿ ಕಡದಂಗಾತು ಅಷ್ಟ."

"ವಿಮಾನ ಕಡೀತೇನ್ರಿ ಕಾಕಾ ನಿಮ್ಮನ್ನ?" ಎಂದು ನಾನು ನಕ್ಕೆ. ಅವರೂ ನಕ್ಕರು.

ಆ ನಗು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಪಟ್ಟಿಯ ಕೆಳಗೆ ಪೈಪಿಗೆ ಕೂದಲಿನಷ್ಟು ಸಣ್ಣ ತೂತು ಬಿದ್ದಿತ್ತು. ಪಂಪು ಬಂದ್ ಮಾಡಿ ಹಳೆಯದನ್ನು ಬಿಚ್ಚಿ, ಹೊಸ ಪೈಪು ಕೂಡಿಸಿ, ನಟ್ಟು ಬಿಗಿ ಮಾಡುವಷ್ಟರಲ್ಲಿ ಎರಡು ತಾಸಾಯಿತು. ಕಾಕಾ ಎಂದಿನಂತೆ ದಾರ ತೆಗೆದರು. ಗಂಟು ಬೀಳಲಿಲ್ಲ. "ಬೆರಳು ಜೋಮು ಹಿಡದೈತಿ" ಎಂದು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಹಾಕಿದರು. ಅದೊಂದನ್ನು ಕತ್ತರಿಸಲು ನಾನು ಮರೆತೆ. ಕಳೆದ ತಿಂಗಳು ಟಾರ್ಚಿನ ಬೆಳಕಿಗೆ ಸಿಕ್ಕದ್ದು ಅದೇ. ಆ ವಿಮಾನ ಕೈ ಬದಲಾಗಿ, ಹೊಸ ಬಣ್ಣ ಬಳಿದುಕೊಂಡು, ನನಗೆ ಗುರುತೂ ಸಿಗದಂತೆ ನಾನಿದ್ದಲ್ಲಿಗೇ ಬಂದಿತ್ತು.

ಮರುದಿನ ಬೆಳಿಗ್ಗೆ ವಿಮಾನ ಹಾರಿತು. ಗಾಲಿ ಸರಿಯಾಗಿ ಒಳಗೆ ಹೋದವು, ನೀರಿಗೆ ಹಂಸದಂತೆ ಇಳಿಯಿತು, ಜನ ಚಪ್ಪಾಳೆ ತಟ್ಟಿದರು. ಕಾಕಾ ಮಾತ್ರ ಬಂದಿರಲಿಲ್ಲ. ಹೊತ್ತೇರಿದ ಮೇಲೆ ಅವರ ಹೆಂಡತಿ ಕಾಕುವಿನ ಫೋನು ಬಂತು. "ಇವರ ಕೈ ನೋಡ ಬಾ ತಮ್ಮಾ. ನನಗ ಅಂಜಿಕಿ ಬರಾಕತ್ತೈತಿ" ಎಂದರು.

ಇಳಕಲ್ಲಿಗೆ ಹೋಗಿ ನೋಡಿದರೆ ಮೊಣಕೈವರೆಗೆ ಬಾತಿತ್ತು. ಬೆರಳು ಕಪ್ಪಾಗಿತ್ತು. ಹಿಂದಿನ ಸಂಜೆ ಅರಿಶಿನ ಹಚ್ಚಿ, ಓಣಿಯ ಡಾಕ್ಟರ ಹತ್ತಿರ ಮುಳ್ಳು ಚುಚ್ಚಿದೆ ಎಂಬಂತೆ ಒಂದು ಇಂಜೆಕ್ಷನ್ ಮಾಡಿಸಿಕೊಂಡಿದ್ದರು. ಚುಕ್ಕೆ ನೋಡಿ ಯಾರು ತಾನೇ ಬೇರೆ ತಿಳಿಯುತ್ತಾರೆ? ಗಾಡಿ ಮಾಡಿಕೊಂಡು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆತಂದೆ. ಅಲ್ಲಿಯ ಸರ್ಜನ್ ಮೇಡಂ, "ಎಷ್ಟೊತ್ತಿಗೆ ಆಗಿದ್ದು?" ಎಂದರು. ನಿನ್ನೆ ಮಧ್ಯಾಹ್ನ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಇದು ಚುಚ್ಚಿದ ಗಾಯ ಅಲ್ರಿ. ತೂತಿನಿಂದ ಬಂದ ಎಣ್ಣಿ ತೊಗಲ ಹರಕೊಂಡು ಒಳಗ ಹೋಗೇತಿ. ಮಣಿಕಟ್ಟು ದಾಟೇತಿ. ನಿನ್ನೀನ ಯಾಕ ತರಲಿಲ್ಲ?"

ಒಂದು ಚುಕ್ಕೆ! ರಕ್ತವೇ ಬಾರದ ಒಂದು ಚುಕ್ಕೆ! ಕೈ ಕೊಯ್ದಾಗ ಒಳಗಿಂದ ನಮ್ಮ ವಿಮಾನದ ಕೆಂಪು ಎಣ್ಣೆ ಬಂತೆಂದು ಅವರು ಆಮೇಲೆ ಹೇಳಿದರು. ನಾಲ್ಕನೆಯ ದಿನ ಬಲಗೈಯನ್ನು ಮಣಿಕಟ್ಟಿನ ಮೇಲೆ ತೆಗೆದರು.

ಆ ದಿನ ಶೆಡ್ಡಿಗೆ ಹೋಗಿ ಅಪಾಯಗಳ ಪುಸ್ತಕ ತೆಗೆದೆ. ಒಂಬತ್ತನೆಯ ಪುಟ. ಒತ್ತಡದ ಪೈಪಿನ ಮೇಲೆ ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿದು ಸೋರುವ ಜಾಗ ಹುಡುಕಿ. ಚರ್ಮಕ್ಕೆ ಚುಚ್ಚಿದರೆ ನೋವಿಲ್ಲದಿದ್ದರೂ ತಕ್ಷಣ ಸರ್ಜನ್ ಹತ್ತಿರ ಹೋಗಿ. ಪಕ್ಕದಲ್ಲಿ ಚಿತ್ರ: ಪೈಪು, ಅದರ ಮೇಲೊಂದು ಕೈ, ಕೈಯ ಮೇಲೆ ದೊಡ್ಡ ಅಡ್ಡಗೆರೆ. ಓದುವುದೂ ಬೇಕಿರಲಿಲ್ಲ. ಪುಟ ತಿರುವಿ ತೋರಿಸಿದ್ದರೆ ಸಾಕಿತ್ತು.

ವಿಚಾರಣೆಗೆ ಕಂಪನಿಯಿಂದ ಒಬ್ಬ ಅಧಿಕಾರಿ ಬರುತ್ತಾನೆಂದು ಸುದ್ದಿ ಬಂತು. ಅವನು ಬರುವ ಹಿಂದಿನ ಮಧ್ಯಾಹ್ನ ಕಾಕಾ ನನಗೆ, "ಆ ಪುಸ್ತಕದಾಗ ನನ್ನ ಕೈದ್ದು ಏನ ಬರದಾರ? ತಂದು ಓದಿ ಹೇಳು" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ನನ್ನ ಮೇಲೆ ಹೇಳಲಿಕ್ಕೆ ಸಾಕ್ಷಿ ಕೂಡಿಸುತ್ತಿದ್ದಾರೆ ಎಂದುಕೊಂಡೆ. ಆದರೂ ತಂದೆ, ಓದಿದೆ. ಇನ್ನೊಮ್ಮೆ ಓದು ಎಂದರು. ಓದಿದೆ. ಕಣ್ಣು ಮುಚ್ಚಿ ಕೇಳಿದರು.

ಮರುದಿನ ಅಧಿಕಾರಿ ದವಾಖಾನೆಯ ಮಂಚದ ಪಕ್ಕ ಕುಳಿತು ಕೇಳಿದ, "ಈ ಅಪಾಯದ ಬಗ್ಗೆ ನಿಮಗೆ ಮೊದಲೇ ಹೇಳಿದ್ರಾ?" ನಾನು ಕಾಕಾನ ಕಾಲ ಬಳಿ ನಿಂತಿದ್ದೆ. ಇಲ್ಲ ಎಂಬ ಒಂದು ಮಾತಿಗೆ ನನ್ನ ಲೈಸೆನ್ಸು, ಕೆಲಸ ಎಲ್ಲ ಹೋಗುತ್ತಿತ್ತು. ಕಾಕಾ ಅವನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತ ಹೇಳಿದರು:

"ಹೇಳಿದ್ರಿ ಸಾಹೇಬ್ರ. ಪೈಪಿನ ಮ್ಯಾಲ ಕೈ ಆಡಸಬ್ಯಾಡ್ರಿ, ರಟ್ಟು ಹಿಡದು ಹುಡುಕ್ರಿ, ಚುಚ್ಚಿದ್ರ ನೋವಿಲ್ಲಂದ್ರೂ ಡಾಕ್ಟರ ಕಡೆ ಹೋಗ್ರಿ ಅಂತ ಚಿತ್ರಾ ತೋರಿಸಿ ಹೇಳಿದ್ರು. ನಾನ ಕೇಳಲಿಲ್ಲ. ತಪ್ಪು ನಂದ."

ಹಿಂದಿನ ದಿನ ಎರಡು ಸಲ ಓದಿಸಿಕೊಂಡು ಅವರು ಕಲಿತದ್ದು ಸಾಕ್ಷಿಯನ್ನಲ್ಲ, ಸುಳ್ಳನ್ನು, ಅದೂ ನನಗಾಗಿ. ಅಧಿಕಾರಿ ಬರೆದುಕೊಂಡ. ಕಾಕಾ ಎಡಗೈಯಿಂದ ಹೆಬ್ಬೆಟ್ಟು ಒತ್ತಿದರು. ಸಹಿ ಮಾಡುತ್ತಿದ್ದ ಕೈ ಹೋಗಿತ್ತಲ್ಲ. ಅಷ್ಟೂ ಹೊತ್ತು ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಾಚಿಕೆಯಾಗುತ್ತದೆ, ಬರೆಯಲಿಕ್ಕೂ ನಾಚಿಕೆಯಾಗುತ್ತದೆ, ಆದರೆ ನಿಂತದ್ದು ನಿಜ.

ಎಚ್ಚರಿಕೆ ಪಾಲಿಸಲಿಲ್ಲ ಎಂದು ಬರೆದು ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಆ ವರ್ಷವೇ ವಿಮಾನವೂ ಹೋಯಿತು. ನಾನು ಒಂದೂ ಕಪ್ಪು ಚುಕ್ಕೆ ಇಲ್ಲದ ಪ್ರಮಾಣಪತ್ರ ಹಿಡಿದು ಕರಾವಳಿಗೆ ಬಂದೆ. ಮೊದಮೊದಲು ಫೋನು ಮಾಡುತ್ತಿದ್ದೆ. ಅವರು "ಆರಾಮ ಅದೀಯಾ?" ಎಂದು ಕೇಳಿದರೆ ಕೆಲಸ ಇದೆ ಎಂದು ಫೋನು ಇಟ್ಟುಬಿಡುತ್ತಿದ್ದೆ. ಆಮೇಲೆ ಬಿಟ್ಟೆ... ತೀರಿಕೊಂಡ ಸುದ್ದಿ ಬಂದಾಗ ರಜೆ ಸಿಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಿದ್ದರೆ ಸಿಗುತ್ತಿತ್ತು.

ದಾರ ಕಂಡ ಮೇಲೆ ನಿದ್ದೆ ಬರಲಿಲ್ಲ. ಹೋದ ವಾರ ಇಳಕಲ್ಲಿಗೆ ಹೋದೆ. ಕಾಕು ಬಾಗಿಲಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ. ನಾನು ಕಾಕಾಗೆ ಏನೂ ಓದಿ ಹೇಳಿರಲಿಲ್ಲ, ಅವರು ನನ್ನ ಸಲುವಾಗಿ ಸುಳ್ಳು ಹೇಳಿದರು, ನಾನು ಸುಮ್ಮನೆ ನಿಂತೆ ಎಂದೆ. ಕಾಕುವಿನ ಕೈ ನಿಲ್ಲಲಿಲ್ಲ.

"ಗೊತ್ತೈತಿ. ಅವತ್ತ ಹೇಳಿದ್ರು ನನ್ನ ಮುಂದ. ಹೋದ ಕೈ ಬರೂದಿಲ್ಲ, ಆ ಹುಡುಗನ ಬಾಳೇವು ಯಾಕ ಕೆಡಸೋದು ಅಂದ್ರು."

ಇವರಿಗೆ ಮೊದಲಿನಿಂದಲೂ ಗೊತ್ತಿತ್ತು!

"ಆದ್ರ ನೀ ಒಂದಿನ ಬಂದು ನಿನ್ನ ಬಾಯ್ಲೆ ಹೇಳ್ತೀ ಅಂತ ಭಾಳ ನಂಬಿದ್ರು ನೋಡು. ದೀಪಾವಳಿ, ಯುಗಾದಿ ಬಂದ್ರ ಸಾಕು, ಹುಡುಗ ಊರಿಗೆ ಬರ್ತಾನ, ಈ ದಾರಿಲೇ ಹೋಗ್ತಾನ ಅಂತ ಹೊಸಪೇಟಿ ಬಸ್ಸ ಬರೂ ಹೊತ್ತಿಗೆ ಸ್ಟ್ಯಾಂಡಿನಾಗ ಹೋಗಿ ಕುಂಡರ್ತಿದ್ರು. ನಾಕ ವರ್ಷ ಕುಂತ್ರು."

ಒಳಗೆ ಗೋಡೆಯ ಮೇಲೆ ಕಾಕಾನ ಫೋಟೋ ಇತ್ತು. ಕಣ್ಣೆತ್ತಿ ನೋಡಲು ನನ್ನಿಂದಾಗಲಿಲ್ಲ. ಆ ನಾಲ್ಕೂ ವರ್ಷ ಹಬ್ಬಕ್ಕೆ ನಾನು ಊರಿಗೆ ಬಂದದ್ದು ಅದೇ ಹೊಸಪೇಟೆ ಬಸ್ಸಿನಲ್ಲಿ. ಇಳಕಲ್ ಸ್ಟ್ಯಾಂಡಿನಲ್ಲಿ ಚಹಾಕ್ಕೆಂದು ಹತ್ತು ನಿಮಿಷ ನಿಲ್ಲುತ್ತಿತ್ತು. ಯಾರಾದರೂ ಗುರುತು ಹಿಡಿದಾರು ಎಂದು ನಾನು ಕಿಟಕಿಯ ಪರದೆ ಎಳೆದುಕೊಂಡು, ಬಸ್ಸು ಹೊರಡುವವರೆಗೆ ನಿದ್ದೆ ಬಂದವನಂತೆ ಕುಳಿತಿರುತ್ತಿದ್ದೆ.