ಮೂವತ್ತು ಎಲೆಗಳ ಆಸರೆ

ಮೂವತ್ತು ಎಲೆಗಳ ಕಟ್ಟಿಗೆ ಮೂವತ್ತೊಂದನೆಯದನ್ನು ಸೇರಿಸಿದರೆ ರಬ್ಬರ್ ಬ್ಯಾಂಡು ಹರಿಯುವುದಿಲ್ಲ, ಆಟದ ನಿಯಮ ಮಾತ್ರ ಒಪ್ಪುವುದಿಲ್ಲ. ಆದ್ದರಿಂದ ಕಟ್ಟು ಕಟ್ಟುವುದೆಂದರೆ ಬೇಕಾದುದನ್ನು ಸೇರಿಸುವ ಸಂತೋಷಕ್ಕಿಂತ, ಬೇಕಾದುದನ್ನೇ ತೆಗೆದಿಡುವ ಸಂಕಟ.

ನಾನು ಹೇಳುತ್ತಿರುವುದು ಇಸ್ಪೀಟಿನ ಮಾತಲ್ಲ. ಇದೂ ಎಲೆಯಾಟವೇ, ಆದರೆ ರಾಕ್ಷಸರ, ಮಂತ್ರವಾದಿಗಳ ಚಿತ್ರದೆಲೆಗಳದು. ಆಡುವವರು ಎದುರಾಳಿಗಳಲ್ಲ, ಎಲ್ಲರೂ ಒಂದಾಗಿ ರಾಕ್ಷಸನನ್ನು ಎದುರಿಸಬೇಕು. ಒಬ್ಬ ಕತ್ತಿ ಹಿಡಿದರೆ ಇನ್ನೊಬ್ಬ ಹಿಂದೆ ನಿಂತು ಗಾಯ ಮಾಯಿಸಬೇಕು. ಹಿಂದೆ ನಿಲ್ಲುವವನದು ಸಪೋರ್ಟ್ ಡೆಕ್. ನಾನದನ್ನು ‘ಆಸರೆಯ ಕಟ್ಟು’ ಎಂದು ಕರೆದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗನೆಂಬ ಹಮ್ಮು ನನಗುಂಟು, ಮುಚ್ಚಿಡುವುದಿಲ್ಲ. ಆ ವಿದ್ವತ್ತೆಲ್ಲ ಇಂಗ್ಲಿಷ್ ಎಲೆಗಳ ಮೇಲೆ ಕನ್ನಡದ ಚೀಟಿ ಅಂಟಿಸಿ, ಮಾಂತ್ರಿಕ ಮದ್ದನ್ನು ‘ಕಷಾಯ’ ಎಂದು ಬರೆಯುವುದರಲ್ಲಿ ಸಾರ್ಥಕವಾಯಿತು.

ಚೀಟಿ ಅಂಟಿಸಿದ್ದು ಅಕ್ಕನಿಗಾಗಿ. ಏಳನೆಯ ತರಗತಿಗೇ ಶಾಲೆ ಬಿಟ್ಟು ಗದ್ದೆಗಿಳಿದು ನನ್ನನ್ನು ಓದಿಸಿದ ಅಕ್ಕನ ಎರಡೂ ಮೂತ್ರಪಿಂಡಗಳು ಈಗ ಸೋತಿವೆ. ಮಂಗಳವಾರ, ಶುಕ್ರವಾರ ಹೊಸಬಾಳೆಯಿಂದ ಸೊರಬಕ್ಕೆ, ಅಲ್ಲಿಂದ ಬಸ್ಸು ಬದಲಿಸಿ ಶಿಕಾರಿಪುರಕ್ಕೆ ಬಂದು ನಾಲ್ಕು ತಾಸು ಡಯಾಲಿಸಿಸ್ ಮಂಚದ ಮೇಲೆ ಮಲಗುತ್ತಾಳೆ. ನಾನು ಕಾಲೇಜಿನ ಪಾಠ ಮುಗಿಸಿ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಮೊದಲ ದಿನ ಎಲೆ ಹಂಚುವಾಗ ಅಲ್ಲಿನ ಸಿಸ್ಟರ್, “ಮೇಷ್ಟ್ರೇ, ಅಂದರ್ ಬಾಹರ್ ಎಲ್ಲ ಇಲ್ಲಿ ನಡೆಯಂಗಿಲ್ರೀ” ಎಂದಿದ್ದರು.

ಅಕ್ಕನಿಗೆ ಕತ್ತಿಯ ಕಟ್ಟು ಕೊಟ್ಟೆ. “ಅದು ನಿಂಗೇ ಇರ್ಲಿ ತಮ್ಮಾ” ಎಂದು ಆಸರೆಯದನ್ನು ಎಳೆದುಕೊಂಡಳು. ಅದರಲ್ಲಿ ‘ನನ್ನ ಪಾಲು ನಿನಗೆ’ ಎಂಬ ಎಲೆಯೊಂದಿತ್ತು: ತನ್ನ ಜೀವದ ಅಂಕಗಳನ್ನು ಜೊತೆಗಾರನಿಗೆ ಕೊಟ್ಟುಬಿಡುವುದು. ಮೂರು ಸಲ ಅದನ್ನು ತೆಗೆದು, ಅವಳೇ ಕುಡಿದು ಚೇತರಿಸಿಕೊಳ್ಳಬೇಕಾದ ಕಷಾಯದ ಎಲೆ ಸೇರಿಸಿದೆ. ಮೂರು ಸಲವೂ ಅವಳು ಅದನ್ನು ವಾಪಸು ತಂದಳು. “ಡಾಕ್ಟ್ರು ನೀರೇ ಕುಡೀಬ್ಯಾಡ ಅಂದಾರೆ, ನೀನು ಕಷಾಯ ಕುಡಿಸ್ತೀಯಲ್ಲ.”

ನಾಟಿಯ ಹೊತ್ತಿಗೆ ಒಂದು ಶುಕ್ರವಾರ ಅವಳು ಬರಲಿಲ್ಲ. ಭಾನುವಾರ ಉಸಿರು ಸಿಕ್ಕಿಕೊಂಡವಳನ್ನು ಜೀಪಿನಲ್ಲಿ ತಂದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಕಾರಣ ಮುಯ್ಯಾಳು. ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ ಎಂಬ ಆಳಿನ ಕೊಡುಕೊಳೆ ನಮ್ಮಲ್ಲಿ ಉಂಟಷ್ಟೆ. “ಅವರು ನಮ್ಮಲ್ಲಿಗೆ ಬಂದು ಬಗ್ಗಿದ್ರು. ನಾನು ಹೋಗ್ದಿದ್ರೆ ಯಾವ ಮುಖ ಇಟ್ಕಂಡು ಎದುರಿಗೆ ನಡೀಲಿ?” ಎಂದಳು ಅಕ್ಕ. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯವೂ ಸೋತಿದೆ, ಇನ್ನೊಂದು ಸಲ ತಪ್ಪಿಸಿದರೆ ಇಲ್ಲಿಯವರೆಗೂ ತರಲಾಗುವುದಿಲ್ಲ ಎಂದರು.

ಮಂಗಳವಾರ ಆಡಿದೆವು. ನನಗೆ ಪೆಟ್ಟು ಬಿದ್ದ ಕೂಡಲೇ ಅಕ್ಕ ‘ನನ್ನ ಪಾಲು ನಿನಗೆ’ ಇಳಿಸಿದಳು. ಮರು ಸುತ್ತಿನಲ್ಲಿ ರಾಕ್ಷಸ ಅವಳನ್ನು ಕೆಡವಿದ. ನಾನು ಎಲೆ ಬಾಚಿಕೊಂಡೆ.

“ನಿನ್ ಜೀವ ಇನ್ನೂ ಒಂಬತ್ತು ಉಳಿದೈತಲ್ಲ, ಆಡು.”

“ಒಬ್ರು ಬಿದ್ರೆ ಇಬ್ರೂ ಸೋತಂಗೆ ಅಕ್ಕಾ. ಮೊದಲ್ನೇ ದಿನಾನೇ ಹೇಳಿದ್ದೆ.”

ಯಂತ್ರ ತಿರುಗುತ್ತಿತ್ತು. ಅವಳು ಅದರ ಕಡೆ ನೋಡುತ್ತಲೇ ಹೇಳಿದಳು: “ಶುಕ್ರವಾರ ಯಂಕಮ್ಮನ ಗದ್ದೆ ನಾಟಿ. ನಂದೊಂದು ಆಳು ಬಾಕಿ.”

“ನಾನು ಹೋಗ್ತೀನಿ.”

“ನೀನಾ? ಸಸಿ ತಲೆಕೆಳಗೆ ನೆಡ್ತೀಯ.”

ಶುಕ್ರವಾರ ರಜೆ ಹಾಕಿ, ಹೆಂಗಸರ ಸಾಲಿನಲ್ಲಿ ಒಬ್ಬನೇ ಗಂಡಸಾಗಿ ಬಗ್ಗಿದೆ. “ಮೇಷ್ಟ್ರ ಸಾಲು ನೋಡ್ರೇ, ಹಾವು ಹರಿದಂಗೈತಿ” ಎಂದು ಯಂಕಮ್ಮ ನಗಿಸಿದಳು. ಮಧ್ಯಾಹ್ನಕ್ಕೆ ನನ್ನ ಸೊಂಟ ಸತ್ತಿತ್ತು. ಅಕ್ಕ ಇದನ್ನು ಮೂವತ್ತು ವರ್ಷ ಮಾಡಿದ್ದಳು. ಅದರಲ್ಲಿ ಎಷ್ಟು ದಿನ ನನ್ನ ಡಿಗ್ರಿಗೆ ಹೋಯಿತೋ, ಅದರ ಮುಯ್ಯಿ ತೀರಿಸಲು ಯಾವ ಗದ್ದೆಗಿಳಿಯಲಿ?

ಆ ದಿನ ಅವಳು ಮೊದಲ ಬಸ್ಸಿಗೇ ಹೋಗಿ ಮಂಚದ ಮೇಲೆ ಒಬ್ಬಳೇ ಮಲಗಿದ್ದಳಂತೆ. ಡಾಕ್ಟರ ಮಾತೇನೂ ಬದಲಾಗಿಲ್ಲ. ಮಂಗಳವಾರ ಅವಳ ಕಟ್ಟು ಕೈಗೆತ್ತಿಕೊಂಡು ಎಣಿಸಿದೆ. ಮೂವತ್ತೇ ಇದ್ದವು. ‘ನನ್ನ ಪಾಲು ನಿನಗೆ’ ಎಲೆಯನ್ನು ಅವಳೇ ತೆಗೆದು ದಿಂಬಿನ ಕೆಳಗಿಟ್ಟಿದ್ದಳು. ಅದರ ಜಾಗದಲ್ಲಿ ಒಂದು ಕಷಾಯ. ಒಂದೇ ಒಂದು. ಇನ್ನೊಂದಕ್ಕೆ ನಾನು ಚೌಕಾಸಿ ಮಾಡಲಿಲ್ಲ. ರಬ್ಬರ್ ಬ್ಯಾಂಡು ಕೈಗೆ ಸಿಕ್ಕಿಸಿಕೊಂಡು ಎಲೆ ಹಂಚಿದೆ.