ಜಗದೇವಿಯ ಕೊರಳಲ್ಲಿ ಎರಡು ಲಿಂಗ

ಜಳಕೋಟದ ರಾಚಯ್ಯನದು ಜಂಗಮರ ಮನೆತನ. ಸುತ್ತಲಿನ ಊರುಗಳ ಹಸುಗೂಸುಗಳಿಗೆ ಲಿಂಗ ಕಟ್ಟುವ ಕೈ ಅವನದು. ಸತ್ತವರನ್ನು ಸಮಾಧಿಯಲ್ಲಿ ಕೂಡಿಸಿ, ಅವರ ಎಡಗೈಯಲ್ಲಿ ಅವರವರ ಲಿಂಗ ಇಟ್ಟು ಮಣ್ಣು ಕೊಡುವ ಕೈಯೂ ಅದೇ. ಹಾದಿಯಲ್ಲಿ ಸಿಕ್ಕವರು ಅಯ್ನೋರೇ ಎಂದು ಕಾಲಿಗೆ ಬೀಳುತ್ತಿದ್ದರು. ಮನೆಯೊಳಗೆ ಬಂದರೆ ಅದೇ ಕೈ ಹೆಂಡತಿ ಜಗದೇವಿಯ ಮೇಲೆ ಏಳುತ್ತಿತ್ತು. ಅವಳ ಎಡಗಿವಿ ಕೇಳಿಸದೆ ಎಷ್ಟೋ ವರ್ಷವಾಗಿತ್ತು. ಬಲಗೈಯ ಕಿರುಬೆರಳು ಮುರಿದು ಡೊಂಕಾಗಿ ಕೂಡಿಕೊಂಡಿತ್ತು.

ಜಗದೇವಿ ಉಮರ್ಗಾದ ಹತ್ತಿರದ ತುರೋರಿಯವಳು. ಅಪ್ಪನಿಗೆ ಹೈವೇ ಬದಿಯಲ್ಲಿ ಚಹಾದ ಅಂಗಡಿ ಇತ್ತು. ಲಾರಿಗಳ ಸದ್ದಿನಲ್ಲೇ ಮಲಗಿ ಎದ್ದು ಬೆಳೆದ ಹುಡುಗಿ, ಸದ್ದು ಕೇಳಿಯೇ ಯಾವ ಗಾಡಿ ನಿಲ್ಲುತ್ತದೆ, ಯಾವುದು ಹೋಗಿಬಿಡುತ್ತದೆ ಎಂದು ಹೇಳುತ್ತಿದ್ದಳಂತೆ. ಗಂಡನ ಮನೆಯಲ್ಲಿ ಅದೇ ಕಿವಿ ಕೆಲಸಕ್ಕೆ ಬಂತು. ಅವನು ಹೊರಗೆ ಚಪ್ಪಲಿ ಬಿಡುವ ಸದ್ದಿನಿಂದಲೇ ಅವತ್ತಿನ ಏಟು ಎಂಥದ್ದೆಂದು ಅವಳಿಗೆ ತಿಳಿಯುತ್ತಿತ್ತು. ಒಂದು ಕಿವಿ ಹೋದ ಮೇಲೆ ಇನ್ನೊಂದನ್ನು ಬಾಗಿಲ ಕಡೆ ತಿರುಗಿಸಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು.

ಈ ಚಳಿಗಾಲದಲ್ಲಿ ಹಾಲು ಬಿಡದ ಎಮ್ಮೆಯನ್ನು ರಾಚಯ್ಯ ಗೂಟದಿಂದ ಹೊಡೆಯುತ್ತಿದ್ದ. ಎಮ್ಮೆಯ ಬೆನ್ನು ಒಡೆದು ರಕ್ತ ಬಂದಿತ್ತು. ಹೊಡೆಯುತ್ತಲೇ ಎದೆ ಹಿಡಿದು ಸಗಣಿಯ ಮೇಲೆ ಕೂತುಬಿಟ್ಟ. ಮಗ ಸೋಮೇಶ್ವರ ಅಪ್ಪ ಅವ್ವ ಇಬ್ಬರನ್ನೂ ಉದಗೀರದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಮುಂಜಾನೆ ಸಂಜೆ ಊಟವಾದ ಮೇಲೆ ನುಂಗಲು ಗುಳಿಗೆ ಕೊಟ್ಟರು, ಒಂದು ಹೊತ್ತೂ ತಪ್ಪಬಾರದೆಂದರು. ಎದೆಯ ಸ್ಕ್ಯಾನ್ ಮಾಡಿಸಿ, ಆ ಚಿತ್ರಗಳನ್ನು ಹೈದರಾಬಾದಿನ ದೊಡ್ಡ ಡಾಕ್ಟರು ನೋಡಿ ಹೇಳುತ್ತಾರೆ, ಫೋನ್ ಬರುತ್ತದೆ, ಅಲ್ಲಿಯವರೆಗೆ ಸಿಟ್ಟಿಗೇಳಬೇಡಿ ಎಂದರು. ಜಗದೇವಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸ್ಕ್ಯಾನ್ ಮಾಡುವವನು ಎದೆಯ ಮೇಲಿನ ಬೆಳ್ಳಿ ಕರಡಿಗೆ ತೆಗೆಯಬೇಕೆಂದ. ಲಿಂಗವಿರುವ ಆ ಡಬ್ಬಿ ರಾಚಯ್ಯನ ಮೈಬಿಟ್ಟು ಎಂದೂ ದೂರವಾಗಿರಲಿಲ್ಲ. ಅವನು ಹುಡುಗನ ಅಂಗಿಯ ಕಾಲರ್ ಹಿಡಿದು ಗೋಡೆಗೆ ಒತ್ತಿದ. ಸೋಮೇಶ್ವರ ನಡುವೆ ಬಂದು ಬಿಡಿಸಿದ. ಕಡೆಗೆ ಕರಡಿಗೆ ತೆಗೆದು ಜಗದೇವಿಯ ಕೈಗೆ ಕೊಟ್ಟ, ನೆಲಕ್ಕೆ ತಾಗಿಸಿದರೆ ಕೈ ಕಡಿಯುತ್ತೇನೆ ಅಂದ.

ಹೊರಗಿನ ಬೆಂಚಿನ ಮೇಲೆ ನಿಲಂಗಾದ ಮುಕ್ತಾಬಾಯಿ ಎಂಬವಳು ಕೂತಿದ್ದಳು. ಅವಳ ಗಂಡ ರವಿಕಾಂತನೂ ಸ್ಕ್ಯಾನಿಗೆ ಬಂದವನು. ಅವಳ ಮುಷ್ಟಿಯಲ್ಲೂ ಅಂಥದೇ ಬೆಳ್ಳಿ ಕರಡಿಗೆ. ಇಬ್ಬರಿಗೂ ಮಾತು ಹತ್ತಿತು. ತನ್ನ ಮನೆ ದಾಲ್ ಮಿಲ್ಲಿನ ಹಿಂದೆ ಎಂದು ಮುಕ್ತಾಬಾಯಿ ಹೇಳಿದಳು. ನಡುವೆ ಅವಳು ಪಾಯಖಾನೆಗೆ ಹೋಗಬೇಕಾಯಿತು. ಗಂಡನ ಲಿಂಗ ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಬಾರದೆಂದು ಅದನ್ನು ಜಗದೇವಿಗೆ ಕೊಟ್ಟಳು. ಅಷ್ಟರಲ್ಲಿ ನರ್ಸು ಹೆಬ್ಬೆಟ್ಟು ಒತ್ತಲು ಕರೆದಳು. ಜಗದೇವಿ ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು. ಮುಕ್ತಾಬಾಯಿ ಬಂದಾಗ ಗಂಟು ಬಿಚ್ಚಿ ಒಂದನ್ನು ಕೊಟ್ಟಳು, ಒಂದನ್ನು ಇಟ್ಟುಕೊಂಡಳು.

ಅವರನ್ನು ಮನೆಗೆ ಬಿಟ್ಟು ಸೋಮೇಶ್ವರ ತನ್ನ ಕೆಲಸದ ಊರಿಗೆ ಮರಳಿದ. ಸ್ನಾನ ಮಾಡಿ ರಾಚಯ್ಯ ಪೂಜೆಗೆ ಕೂತ. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ಅವನ ಲಿಂಗದ ಕರಿ ಹೊದಿಕೆಯಲ್ಲಿ ಎಳ್ಳಿನಷ್ಟು ಚಕ್ಕೆ ಹಾರಿತ್ತು. ಇದು ನುಣುಪಾಗಿತ್ತು. ಹೆಬ್ಬೆರಳಿನಿಂದ ತಡವಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಊರಿಗೆಲ್ಲ ಲಿಂಗ ಕಟ್ಟುವವನ ಕೈಯಲ್ಲಿ ಯಾರದೋ ಲಿಂಗ.

ಮೊದಲು ಬಂದದ್ದು ಹಿತ್ತಾಳೆಯ ತಂಬಿಗೆ. ಜಗದೇವಿಯ ಹುಬ್ಬು ಸೀಳಿತು. ಅವಳು ಏಳುವ ಮೊದಲೇ ಅವನು ತುರುಬು ಹಿಡಿದು ಅಂಗಳಕ್ಕೆ ಎಳೆದು ತಂದು ಪಕ್ಕೆಗೆ ಒದ್ದ. ಸೊಸೆ ಸೋನಾಲಿ ಅಡ್ಡ ಬಂದಳು. ಅವಳನ್ನು ನೂಕಿದ ರಭಸಕ್ಕೆ ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಮತ್ತೆ ಒದ್ದ, ಮತ್ತೆ. ಅಷ್ಟರಲ್ಲಿ ಅವನ ಕಾಲು ನಿಂತಿತು. ಮುಖ ಬೂದಿ ಬಣ್ಣಕ್ಕೆ ತಿರುಗಿತು. ಗೋಡೆಗೆ ಆತುಕೊಂಡು ಕುಸಿದ.

ಜಗದೇವಿ ಒಂದು ಕೈಯಿಂದ ಹುಬ್ಬು ಒತ್ತಿಕೊಂಡು ಇನ್ನೊಂದರಲ್ಲಿ ನೀರು ತಂದಳು. ಅವನು ಅದನ್ನು ತಟ್ಟಿ ಕೆಡವಿದ.

"ನನ್ನ ಲಿಂಗ ಬರೋತನ ನೀರೂ ಮುಟ್ಟಂಗಿಲ್ಲ," ಅಂದ. ಉಸಿರು ಎಳೆದುಕೊಂಡು ಮತ್ತೆ ಅಂದ: "ಫೋನ್‌ನ್ಯಾಗ ಆ ಡಾಕ್ಟರ್ ನಿನ್ನ ಕಥಿ ಮುಗೀತು ಅಂದ್ರ? ಮಂದೀದು ಕೈಯಾಗ ಇಟ್ಟು ನನ್ನ ಕುಣ್ಯಾಗ ಕುಂದರಸ್ತೀಯೇನು?"

ಆಗ ಅವಳ ಕಣ್ಣಿಗೆ ಅವನ ಅಂಜಿಕೆ ಕಂಡಿತು. ಎಷ್ಟು ಜನರನ್ನು ತನ್ನ ಕೈಯಿಂದಲೇ ಆ ಸಮಾಧಿಯ ಕುಣಿಗೆ ಇಳಿಸಿದ್ದನೋ, ಅದರ ಆಳ ಅವನಿಗೇ ಗೊತ್ತು. ಊಟವಿಲ್ಲದೆ ಗುಳಿಗೆ ಇಲ್ಲ. ಗುಳಿಗೆ ಇಲ್ಲದೆ ಆ ಎದೆ ಎಷ್ಟು ಹೊತ್ತು ತಡೆಯುತ್ತದೆಂದು ಯಾರಿಗೂ ಗೊತ್ತಿಲ್ಲ.

ಸೋನಾಲಿ ಅತ್ತೆಯ ಹುಬ್ಬಿಗೆ ಅರಿಶಿನ ಮೆತ್ತುತ್ತ ಮೆಲ್ಲಗೆ ಹೇಳಿದಳು: "ಅತ್ತಿ, ನೀವು ಎಲ್ಲೂ ಹೋಗಬ್ಯಾಡ್ರಿ. ಕುಂದರ್ರಿ ಸುಮ್ನ. ಏನಾಗ್ತದ ಆಗ್ಲಿ."

ಜಗದೇವಿ ಆ ಕರಡಿಗೆಯನ್ನು ಕೊರಳಿಗೆ ಹಾಕಿ ಕುಪ್ಪಸದೊಳಗೆ ಬಿಟ್ಟುಕೊಂಡಳು. ಮರುದಿನ ಮುಂಜಾನೆಯ ಎಸ್ಟಿ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಜನ ಅವಳ ಊದಿದ ಕಣ್ಣು ನೋಡಿ ಮುಖ ತಿರುಗಿಸಿಕೊಂಡರು. ಸೊಸೆಯ ಮಾತು ಅವಳ ಕೇಳುವ ಕಿವಿಯಲ್ಲೇ ಕೂತಿತ್ತು. ಉದಗೀರದಲ್ಲಿ ಇಳಿದು ಮರಳಿ ಹೋಗಿಬಿಟ್ಟರೆ? ಸಿಗಲಿಲ್ಲ ಅಂದರೆ? ತಾನಾಗಿ ಸತ್ತವನ ಮಾತು ಬೇರೆ, ಸಾಯಲು ಬಿಟ್ಟವಳ ಮಾತು ಬೇರೆ ಅನ್ನಿಸಿತು. ಅವಳ ಕೊರಳಲ್ಲಿ ಅವಳ ಲಿಂಗವಿತ್ತು, ಅದರ ಪಕ್ಕ ಕುಪ್ಪಸದೊಳಗೆ ಪರರ ಲಿಂಗ. ನಿಲಂಗಾಕ್ಕೆ ಹೋಗುವ ಬಸ್ಸು ಹತ್ತಿದಳು.

ದಾಲ್ ಮಿಲ್ಲಿನ ಹಿಂದಿನ ಬಾಗಿಲು ತಟ್ಟಿದಳು. ಮುಕ್ತಾಬಾಯಿಯೇ ತೆರೆದಳು. ಅವಳ ತುಟಿ ಒಡೆದು ದಪ್ಪಗಾಗಿತ್ತು, ಒಂದು ತೋಳನ್ನು ಪಂಚೆಯಿಂದ ಕೊರಳಿಗೆ ಕಟ್ಟಿಕೊಂಡಿದ್ದಳು. ಜಗದೇವಿಯ ಊದಿದ ಕಣ್ಣು ನೋಡಿ ಅವಳೇ ಮೊದಲು ಕೇಳಿದಳು:

"ನಿಮಗ ಯಾತರಲಿಂದ ಬಿತ್ತು, ಅಕ್ಕಾ?"

"ತಂಬಿಗಿ."

"ನನಗ ಸೈಕಲ್ ಪಂಪ್," ಅಂದಳು ಮುಕ್ತಾಬಾಯಿ. "ನಿಮ್ಮವರು ಮನಿಯಾಗ ಇದ್ದ ಸಾಮಾನ ಬಳಸ್ಯಾರ. ನಮ್ಮವರು ಬಾಜೂದವರ ಮನಿಗಿ ಹೋಗಿ ಕಡ ತಂದಾರ."

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಬಿರುಸಿಗೆ ಜಗದೇವಿಯ ಹುಬ್ಬು ಮತ್ತೆ ಬಿಚ್ಚಿ ಕೆನ್ನೆಗೆ ರಕ್ತ ಇಳಿಯಿತು. ನಗು ಕೇಳಿ ಒಳಗಿನಿಂದ ರವಿಕಾಂತ ಬಂದ. ಅವನೂ ನಿನ್ನೆಯಿಂದ ಉಪವಾಸ, ಅವನ ಸ್ಕ್ಯಾನಿನ ಫೋನೂ ಬಂದಿರಲಿಲ್ಲ. ಕೈಯಲ್ಲಿ ಪಂಪ್ ಇತ್ತು. ಲಿಂಗ ಬದಲಿ ಮಾಡಿದವಳು ಇವಳೇ ಎಂದು ತಿಳಿದು, ಬೈಯುತ್ತ ಪಂಪ್ ಎತ್ತಿಯೇ ಬಂದ. ಜಗದೇವಿ ಹಿಂದೆ ಸರಿಯುತ್ತ ಗಾಬರಿಯಲ್ಲಿ ಕುಪ್ಪಸದೊಳಗಿನ ಕರಡಿಗೆಯನ್ನು ಹೊರಗೆಳೆದಳು. ಅದು ಅವಳ ಎದೆಯ ಮೇಲೆ ತೂಗಿತು.

ರವಿಕಾಂತನ ಕೈ ಮೇಲೇ ನಿಂತಿತು. ಹೊಡೆದರೆ ಏಟು ಅವನ ಲಿಂಗಕ್ಕೇ ಬೀಳುತ್ತಿತ್ತು.

ಅದನ್ನು ಮುಕ್ತಾಬಾಯಿಯೂ ನೋಡಿದಳು. ತನ್ನ ಹತ್ತಿರ ಇದ್ದ ರಾಚಯ್ಯನ ಲಿಂಗವನ್ನು ಜಗದೇವಿಗೆ ಕೊಟ್ಟು, ಗಂಡನದನ್ನು ತೆಗೆದುಕೊಂಡು ತನ್ನ ಕೊರಳಿಗೆ ಹಾಕಿಕೊಂಡಳು. "ಮೊದಲ ಅದನ್ನ ಕೆಳಗ ಇಡ್ರಿ," ಅಂದಳು ಗಂಡನಿಗೆ. ಪಂಪ್ ನೆಲಕ್ಕೆ ಬಿದ್ದ ಸದ್ದು ಜಗದೇವಿಯ ಕಿವುಡು ಕಿವಿಗೂ ಕೇಳಿದಂತಾಯಿತು.

ಅವಳು ಜಳಕೋಟ ಮುಟ್ಟಿದಾಗ ಅಡುಗೆಮನೆಯ ಬಾಗಿಲು ಅರ್ಧ ಒಡೆದಿತ್ತು. ಹಸಿವಿಗೋ ಅಂಜಿಕೆಗೋ ರಾಚಯ್ಯ ಕೊಡಲಿ ಹಿಡಿದು ಅದನ್ನು ಕಡಿದಿದ್ದ. ಆಸ್ಪತ್ರೆಯವರ ಫೋನ್ ಬರುವ ಮೊಬೈಲ್ ಹಿಡಿದುಕೊಂಡು ಸೋನಾಲಿ ಒಳಗೆ ಅಗಳಿ ಹಾಕಿ ಕೂತಿದ್ದಳು. ಎಮ್ಮೆಯ ಕರು ಅವನ ಏಟಿಗೆ ಕುತ್ತಿಗೆ ಕಡಿದು ಅಂಗಳದಲ್ಲಿ ಸತ್ತು ಬಿದ್ದಿತ್ತು. ಹೆಂಡತಿಯನ್ನು ಕಂಡು ರಾಚಯ್ಯ ಅದೇ ಕೊಡಲಿಯೊಂದಿಗೆ ಎದ್ದು ಬಂದ.

ಜಗದೇವಿ ಓಡಲಿಲ್ಲ. ಸೆರಗು ಸರಿಸಿದಳು. ಎರಡು ಕರಡಿಗೆ, ಒಂದರ ಪಕ್ಕ ಒಂದು.

"ಹೊಡೀರಿ. ನನ್ನ ಲಿಂಗಕ್ಕ ನೀವು ಎಂದೂ ಅಂಜಲಿಲ್ಲ. ಇದು ನಿಮ್ಮದದ, ಇದಕ್ಕರ ಅಂಜ್ರಿ."

ಕೊಡಲಿ ಕೆಳಗಿಳಿಯಿತು. ಸ್ನಾನ ಮಾಡಿ ಬನ್ನಿರಿ ಅಂದಳು. ಹೋದ. ಪೂಜೆಗೆ ಲಿಂಗ ಕೊಟ್ಟಳು. ಎಳ್ಳಿನಷ್ಟು ಹಾರಿದ ಚಕ್ಕೆಯನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ ಅವನು ಕೂಸಿನ ಹಾಗೆ ಅತ್ತ. ಪೂಜೆ ಮುಗಿಸಿ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಊಟಕ್ಕೆ ಕೂತ. ಅವಳು ಎದುರಿಗೇ ಕೂತು ರೊಟ್ಟಿ ಮುರಿದು ಹಾಕುತ್ತಿದ್ದಳು. ಅವನು ಅವಳ ಹುಬ್ಬಿನ ಕಡೆ ನೋಡಲಿಲ್ಲ.

ತಟ್ಟೆಯಲ್ಲಿ ಇನ್ನೂ ರೊಟ್ಟಿ ಇರುವಾಗಲೇ ಫೋನ್ ಬಂತು. ಸೋನಾಲಿ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ಉದಗೀರದ ಡಾಕ್ಟರು ಮರಾಠಿಯಲ್ಲಿ ಹೇಳಿದ್ದಿಷ್ಟು: ನಾಳಗಳು ತೆರೆದಿವೆ, ಎಲ್ಲಿಯೂ ಅಡ್ಡಿ ಇಲ್ಲ, ಹೃದಯ ಗಟ್ಟಿಯಾಗಿದೆ, ಏರಿರುವುದು ರಕ್ತದೊತ್ತಡ, ಗುಳಿಗೆ ಬಿಡಬೇಡಿ, ಸಿಟ್ಟು ಬಿಡಿ.

ರಾಚಯ್ಯ ಗಟ್ಟಿಯಾಗಿ ನಕ್ಕ. ಎದೆಗೆ ಎರಡು ಸಲ ಬಡಿದುಕೊಂಡ. ನಗು ನಿಂತಿತು. ಅವನ ಕಣ್ಣು ಈಗ ಹೆಂಡತಿಯ ಹುಬ್ಬಿನ ಮೇಲೆ ಬಂತು.

"ಮಂದೀದು ನನ್ನ ಕೊಳ್ಳಾಗ ಹಾಕಿದಿ," ಅಂದ. "ನಂದು ಒಂದು ರಾತ್ರಿ ಪೂರಾ ಮಂದಿ ಮನ್ಯಾಗ." ಎಂಜಲುಗೈಯೇ ಮೇಲೆದ್ದಿತು.

ಅಂಜಿಕೆ ಹೋಗಿತ್ತು, ಕೈ ಮರಳಿ ಬಂದಿತ್ತು. ಇನ್ನು ಅವನು ಬಹಳ ವರ್ಷ ಬದುಕುತ್ತಾನೆ. ಜಗದೇವಿಗೆ ಅದು ಆ ಕ್ಷಣದಲ್ಲಿ ಪೂರ್ತಿ ತಿಳಿಯಿತು. ತಟ್ಟೆಯ ಮೇಲಿನಿಂದಲೇ ಬಾಗಿ, ಅವನ ಎದೆಯ ಮೇಲಿನ ಕರಡಿಗೆಯನ್ನು ಡೊಂಕು ಬೆರಳಿನ ಕೈಯಲ್ಲಿ ಮುಷ್ಟಿ ಹಿಡಿದಳು. ಶಿವದಾರವನ್ನು ಒಂದು ಸುತ್ತು ತಿರುವಿದಳು. ದಾರ ಅವನ ಕುತ್ತಿಗೆಯ ಹಿಂದೆ ಬಿಗಿದು ಚರ್ಮಕ್ಕೆ ಇಳಿಯಿತು. ಅವನು ಹಿಂದಕ್ಕೆ ಜಗ್ಗಿದ, ಜಗ್ಗಿದವನು ಹಾಗೇ ನಿಂತ.

"ಜಗ್ಗಬ್ಯಾಡ್ರಿ. ದಾರ ಹಳೇದು. ಹರದ್ರ ನೆಲಕ್ಕ ಬೀಳ್ತದ," ಅಂದಳು. "ಕೈ ಇಳಸ್ರಿ."

ಅವನ ಕಣ್ಣು ಹೊರಗೆ ಬಂದಿತ್ತು. ಕುತ್ತಿಗೆಯ ಬದಿಯಲ್ಲಿ ರಕ್ತದ ಗೆರೆ ಮೂಡಿತು. ಅವಳ ಮುಷ್ಟಿಯ ಕೆಳಗೆ ಅವನ ಎದೆ ಹಿಡಿದ ಮೊಲದ ಹಾಗೆ ಹೊಡೆದುಕೊಳ್ಳುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅದನ್ನು ಮುಟ್ಟಿ ನೋಡಿದ್ದು ಇದೇ ಮೊದಲು.

ಕೈ ಮೆಲ್ಲಗೆ ತಟ್ಟೆಗೆ ಇಳಿಯಿತು. ಅವಳು ಮುಷ್ಟಿ ಬಿಡಲಿಲ್ಲ.

"ಸೋನಾಲಿ," ಅಂದಳು, ಅವನ ಮೇಲಿನ ಕಣ್ಣು ತೆಗೆಯದೆ, "ಗುಳಗಿ ತಾ. ನಿಮ್ಮ ಮಾವಂದು ಊಟ ಆಗ್ಯದ."