ನಳಿನಿ ಆರಿಸಿಕೊಂಡ ಗುಂಡು

ಅಮೆರಿಕದ ಟೆಕ್ಸಸ್‌ನಲ್ಲಿರುವ ಯೂಲೆಸ್ ಊರಿನ ದಂತವೈದ್ಯೆ ನಳಿನಿ ಹಲವು ವರ್ಷಗಳಿಂದ ರೈಫಲ್ ಹಿಡಿದಿದ್ದಾರೆ, ಹೊಡೆದದ್ದೆಲ್ಲ ಕಾಗದಕ್ಕೆ. ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ಶನಿವಾರ ಶೂಟಿಂಗ್ ರೇಂಜಿನಲ್ಲಿ ನೂರು ಗಜದಾಚೆಯ ಗುರಿಹಾಳೆಯ ಮೇಲೆ ಅವರ ತೂತುಗಳೆಲ್ಲ ಕಾಲು ಡಾಲರ್‌ನ ಒಂದೇ ನಾಣ್ಯದಡಿ ಅಡಗುತ್ತವೆ.

ಕಳೆದ ನವೆಂಬರಿನಲ್ಲಿ ಸ್ನೇಹಿತ ಸುಧೀಂದ್ರ ಫೋನ್ ಮಾಡಿದರು. ಧಾರವಾಡದ ಈ ಎಂಜಿನಿಯರ್ ಆಸ್ಟಿನ್ ಹೊರವಲಯದಲ್ಲಿ ಹೊಲ ಕೊಂಡಿದ್ದಾರೆ. ಕಾಡುಹಂದಿಗಳು ಅದನ್ನು ಅಗೆದು ಹಾಕಿದ್ದವು. ಭುಜದ ಆಪರೇಷನ್ ಆಗಿದ್ದರಿಂದ ಅವರು ರೈಫಲ್ ಎತ್ತುವಂತಿರಲಿಲ್ಲ. ನಳಿನಿ ಯೋಚಿಸಿ ಒಪ್ಪಿದರು. ಷರತ್ತು ಒಂದೇ: ಪ್ರಾಣಿ ನರಳಬಾರದು.

ಬೇಟೆಯ ದಿನ ಬೆಳಿಗ್ಗೆ ಹೊಲದ ಬೇಲಿಯ ಬಳಿ ಸುಧೀಂದ್ರ ತಮ್ಮ ಗುಂಡಿನ ಪೆಟ್ಟಿಗೆ ತೆರೆದರು. ಇಬ್ಬರ ರೈಫಲ್‌ಗಳೂ ಒಂದೇ ಅಳತೆಯವು; ಗುಂಡುಗಳ ಬಗೆ ಮಾತ್ರ ಬೇರೆ. ಸುಧೀಂದ್ರರ ಗುಂಡಿನ ತುದಿಯಲ್ಲಿ ಮೆತ್ತನೆಯ ಸೀಸ ಹೊರಗೆ ಕಾಣುತ್ತಿತ್ತು. ಮೈಗೆ ನಾಟಿದೊಡನೆ ಅಣಬೆಯಂತೆ ಅರಳುವಂಥದು. ನಳಿನಿಯವರದು ತುದಿಯವರೆಗೂ ತಾಮ್ರ ಹೊದ್ದ, ರೇಂಜಿನ ಗುಂಡು.

"ಅಕ್ಕಾರ, ಇವನ್ನ ಹಾಕ್ಕೋರಿ. ಶಿಕಾರಿಗೆ ಇವ ಬೇಕು."

"ಒಳಗೆ ಹೋಗಿ ಅರಳೋದಾ? ಅಷ್ಟು ಕ್ರೂರ ಯಾಕೆ ಸುಧೀಂದ್ರ? ನಂದು ಸಣ್ಣ ತೂತು ಮಾಡ್ಕೊಂಡು ಹೋಗತ್ತೆ. ಹಂದಿಗೂ ನೋವು ಕಮ್ಮಿ."

"ಹಲ್ಲು ಕೀಳೋರು ನೋವಿನ ಪಾಠ ಹೇಳ್ಲಿಕ್ಕೆ ಹತ್ಯಾರ ನೋಡ್ರಿ," ಎಂದು ಸುಧೀಂದ್ರ ನಕ್ಕು ಪೆಟ್ಟಿಗೆಯನ್ನು ಜೇಬಿಗಿಳಿಸಿದರು.

ಸ್ವಲ್ಪ ಹೊತ್ತಿಗೆ ದೊಡ್ಡ ಗಂಡುಹಂದಿಯೊಂದು ಬಯಲಿಗೆ ಬಂದು ಅಡ್ಡಲಾಗಿ ನಿಂತಿತು. ನಳಿನಿ ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಹೊಡೆದರು. ಹಂದಿ ಕುಸಿಯಿತು, ಎದ್ದಿತು, ಮುಳ್ಳುಪೊದೆಗೆ ನುಗ್ಗಿತು. ಗುರಿ ತಪ್ಪಿರಲಿಲ್ಲ. ಗುಂಡು ಅರಳದೆ, ದಬ್ಬಳದಂತೆ ಈಚೆಯಿಂದ ಆಚೆಗೆ ದಾಟಿಹೋಗಿತ್ತು.

ಪೊದೆಯೊಳಗಿಂದ ಕಿರುಚಾಟ ಶುರುವಾಯಿತು.

"ಒಳಗ ಹೋಗಬ್ಯಾಡ್ರಿ. ಗಾಯ ಆದ ಹಂದಿ ಮೈಮ್ಯಾಲೆ ಬರ್ತದ. ಬಾಜೂ ಹೊಲದವ್ರನ್ನ ಕರೀತೀನಿ."

"ಅವರು ಬರೋಕೆ ಎಷ್ಟು ಹೊತ್ತು?"

"ಅರ್ಧ ತಾಸರ ಬೇಕು."

ಕಿರುಚಾಟ ನಿಲ್ಲಲಿಲ್ಲ. ನಳಿನಿ ಕೈ ಚಾಚಿದರು. "ನಿಮ್ಮ ಗುಂಡು ಕೊಡಿ."

ಅವರ ರೈಫಲ್ ಮೇಲಿನ ದೂರದರ್ಶಕವನ್ನು ಹೊಂದಿಸಿದ್ದು ರೇಂಜಿನ ಗುಂಡಿಗೆ. ತೂಕ ಬೇರೆಯಾದ ಈ ಗುಂಡು ಅದೇ ಬಿಂದುವಿಗೆ ಬೀಳುವ ಖಾತ್ರಿಯಿರಲಿಲ್ಲ. ಹತ್ತಿರ ಹೋದಷ್ಟೂ ವ್ಯತ್ಯಾಸ ಕಡಿಮೆ, ಅಪಾಯ ಹೆಚ್ಚು. ನಳಿನಿ ಹತ್ತಿರ ಹೋದರು. ಸುಧೀಂದ್ರ ಹಿಂದೆಯೇ ನಡೆದರು.

ಹುಲ್ಲಿನ ಮೇಲೆ ರಕ್ತದ ಹನಿಗಳಿದ್ದವು. ಕಿರುಚಾಟ ಥಟ್ಟನೆ ನಿಂತಿತು. ಇಬ್ಬರೂ ನಿಂತರು. ಮೊದಲು ಕಂಡದ್ದು ಕೊಂಬೆಗಳ ನಡುವೆ ಏರಿಳಿಯುತ್ತಿದ್ದ ಪಕ್ಕೆ, ಆಮೇಲೆ ಇತ್ತ ತಿರುಗಿದ ಮೂತಿ.

"ಬರ್ತದ," ಎಂದು ಸುಧೀಂದ್ರ ಪಿಸುಗುಟ್ಟಿದರು.

ಹಂದಿ ಮುಂಗಾಲೂರಿ ಎದ್ದಿತು. ಅದರ ಹಿಂದೆ ಮಣ್ಣಿನ ದಿಬ್ಬವಿರುವುದನ್ನು ನೋಡಿಕೊಂಡೇ ನಳಿನಿ ರೈಫಲ್‌ನ ಕುದುರೆ ಎಳೆದರು. ಅದು ನಿಂತಲ್ಲೇ ಬಿತ್ತು. ಕಾಲು ಕೂಡ ಅದುರಲಿಲ್ಲ.

"ಮೊದಲೇ ಇದನ್ನ ಹಾಕಿದ್ದಿದ್ರೆ?" ನಳಿನಿ ಕೇಳಿದರು.

"ಅಲ್ಲೇ ಬೀಳ್ತಿತ್ತು," ಎಂದರು ಸುಧೀಂದ್ರ.

ಹೊಲದಲ್ಲಿ ಇನ್ನೂ ಹಂದಿಗಳಿದ್ದವು. ನಳಿನಿ ಊರಿಗೆ ಹೊರಡಲೂ ಇಲ್ಲ, ಬೇಟೆಗೆ ಕೂರಲೂ ಇಲ್ಲ. ದಿಬ್ಬಕ್ಕೆ ಪೇಪರ್ ಪ್ಲೇಟ್ ಒರಗಿಸಿ, ನೂರು ಗಜ ಹಿಂದೆ ಬಂದು ಸುಧೀಂದ್ರರ ಗುಂಡು ಹೊಡೆದರು. ತೂತು ನಡುವಿನಿಂದ ನಾಲ್ಕು ಬೆರಳು ಕೆಳಗೆ ಬಿದ್ದಿತ್ತು. ದೂರದರ್ಶಕದ ತಿರುಪು ತಿರುಗಿಸಿ ಮತ್ತೆ ಹೊಡೆದರು.

"ಊಟಾ ಮಾಡೋಣೇನ್ರಿ?" ಸುಧೀಂದ್ರ ಕರೆದರು.

"ನೀವು ಮಾಡಿ. ಗುರಿ ಇನ್ನೂ ಸರಿಯಾಗಿ ಕೂತಿಲ್ಲ," ಎಂದು ನಳಿನಿ ಮುಂದಿನ ಗುಂಡು ತುಂಬಿದರು.